ಮುಖ ಗೊತ್ತು, ಹೆಸರು ಗೊತ್ತಿಲ್ಲ: ಒಬ್ಬ ಅಮೆರಿಕನ್ ಪೋಷಕ ನಟನ ಪ್ರಕರಣ ಅಧ್ಯಯನ

ಒಂದು ಸಿನಿಮಾದಲ್ಲಿ ಅವರು ಗಣಿ ಕಾರ್ಮಿಕ. ಮಗಳು ಅದೇ ಗಣಿಗೆ ಕೆಲಸಕ್ಕೆ ಸೇರಿದಳು ಅಂತ ಸಿಟ್ಟಾಗಿ, ನಾಚಿಕೆಪಟ್ಟು, ಅವಳ ಮುಖ ನೋಡದೆ ಓಡಾಡುವ ಅಪ್ಪ. ಇನ್ನೊಂದರಲ್ಲಿ ಕೇಂದ್ರ ಸರ್ಕಾರದ ಏಜೆಂಟ್. ಗೊತ್ತಿಲ್ಲದೆ ಅಮಲಿನ ಪದಾರ್ಥ ಹೊಟ್ಟೆಗೆ ಹೋಗಿ ಆಡಬಾರದ ಆಟವೆಲ್ಲ ಆಡುತ್ತಾನೆ. ಮತ್ತೊಂದು ಟಿವಿ ಸರಣಿಯಲ್ಲಿ ಸತ್ತುಹೋದ ಅಪ್ಪ, ಬದುಕಿರುವ ಮಕ್ಕಳ ತಲೆಯೊಳಗೆ ಬಂದು ಮಾತಾಡಿಸುತ್ತಾನೆ. ಈ ಮೂರನ್ನೂ ನಾನು ನೋಡಿದ್ದೆ. ಮೂರರಲ್ಲೂ ಇದ್ದಿದ್ದು ಒಬ್ಬರೇ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ. ಆವತ್ತು ರಾತ್ರಿ ಮೂರನ್ನೂ ಮತ್ತೆ ಹಾಕಿ ನೋಡಿದೆ. ಮೂಗು ಅದೇ, ಹಣೆ ಅದೇ, ದನಿಯೂ ಅದೇ. ಆದರೂ ಮೂರು ಬೇರೆ ಬೇರೆ ಮನುಷ್ಯರು.

ಇದು ಆ ನಟರ ಪ್ರಕರಣ. ಅವರ ಹೆಸರು ಇಲ್ಲಿ ಬರೆದಿಲ್ಲ, ಸಿನಿಮಾಗಳ ಹೆಸರೂ ಇಲ್ಲ. ಇಲ್ಲಿರುವುದೆಲ್ಲ ಎಲ್ಲರಿಗೂ ಗೊತ್ತಿರಬಹುದಾದ ಸಂಗತಿಯೇ, ಹುಡುಕಿದರೆ ಹೆಸರು ಸಿಗುತ್ತದೆ. ಆದರೆ ಹೆಸರು ಹೇಳಿದ ಕೂಡಲೇ ನಾವು ಕಥೆಯನ್ನು ಕೊನೆಯಿಂದ ಓದೋಕೆ ಶುರು ಮಾಡುತ್ತೇವೆ. ಆಸ್ಕರ್ ನಾಮನಿರ್ದೇಶನ ಆಗಿತ್ತಲ್ವಾ, ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂದಿತ್ತಲ್ವಾ ಅಂತ. ಆಗ 1970ರಲ್ಲಿ, 1990ರಲ್ಲಿ ಅವರು ತಗೊಂಡ ತೀರ್ಮಾನ ಎಷ್ಟು ಕಷ್ಟದ್ದಾಗಿತ್ತು ಅನ್ನುವುದು ಕಾಣುವುದೇ ಇಲ್ಲ. ಮೂವತ್ತಕ್ಕೂ ಜಾಸ್ತಿ ವರ್ಷ ಜನ ಅವರನ್ನು ಹೆಸರು ಗೊತ್ತಿಲ್ಲದೆಯೇ ನೋಡಿದರು. ನಾವೂ ಹಾಗೇ ನೋಡೋಣ.

ಹಿನ್ನೆಲೆ

ಹುಟ್ಟಿದ್ದು 1947ರಲ್ಲಿ, ಇಲಿನಾಯ್ ರಾಜ್ಯದ ಡಿಕಾಲ್ಬ್ ಅನ್ನುವ ಊರಲ್ಲಿ. ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್. ಸುತ್ತ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳದ ಹೊಲ. ನಮ್ಮ ತೋಟಗಳ ಬೇಲಿಗೆ ಹಾಕುತ್ತೇವಲ್ಲ ಮುಳ್ಳುತಂತಿ, ಅದರ ಪೇಟೆಂಟ್ 1874ರಲ್ಲಿ ಸಿಕ್ಕಿದ್ದು ಇದೇ ಊರಿನ ಒಬ್ಬ ರೈತನಿಗೆ. ಊರಿನ ಹೆಸರುವಾಸಿ ಅಷ್ಟೇ. ಅಪ್ಪ ಹಲ್ಲಿನ ಡಾಕ್ಟರ್. ಮನೆಯಲ್ಲಿ ನಾಟಕದವರು ಯಾರೂ ಇಲ್ಲ.

ಬ್ಲೂಮಿಂಗ್‌ಟನ್‌ನ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಸಿನಿಮಾಕ್ಕೆ ಬರುವ ಮುಂಚೆ ಸ್ವಲ್ಪ ಕಾಲ ಲಾಂಡ್ರಿ ಬಟ್ಟೆ ಸಾಗಿಸುವ ಟ್ರಕ್ ಓಡಿಸಿದರು. ಆ ಕೆಲಸದಲ್ಲಿ ಅವರ ಯಜಮಾನರಾಗಿದ್ದವರ ಮಗ ಮುಂದೆ ತಾನೂ ದೊಡ್ಡ ನಟನಾದ. 2008ರಲ್ಲಿ ಇಬ್ಬರೂ ಒಂದೇ ಹಾಸ್ಯಚಿತ್ರದಲ್ಲಿ ಅಪ್ಪ ಮಗನಾಗಿ ನಟಿಸಿದರು. ಯಜಮಾನರ ಮಗನಿಗೆ ಡ್ರೈವರ್ ಅಪ್ಪನಾದ. ಈ ವಿಷಯ ತಿಳಿದಾಗ ನನಗೆ ಯಾಕೋ ತುಂಬಾ ಖುಷಿಯಾಯಿತು.

1969ರಲ್ಲಿ ಮದುವೆ. ಹೆಂಡತಿ ನೃತ್ಯ ಸಂಯೋಜಕಿ. ಮಾರನೇ ವರ್ಷ ಇಬ್ಬರೂ ಗಂಟು ಮೂಟೆ ಕಟ್ಟಿಕೊಂಡು ಹೊರಟರು. ನಟನಾಗಬೇಕು ಅನ್ನುವ ಅಮೆರಿಕನ್ ಹುಡುಗ ಗಂಟು ಮೂಟೆ ಕಟ್ಟಿದರೆ ಹೋಗುವುದು ಎರಡೇ ಕಡೆ: ನಾಟಕಕ್ಕೆ ನ್ಯೂಯಾರ್ಕ್, ಸಿನಿಮಾಕ್ಕೆ ಲಾಸ್ ಏಂಜಲೀಸ್. ಇವರು ಎರಡಕ್ಕೂ ಹೋಗಲಿಲ್ಲ. ರೋಡ್ ಐಲೆಂಡ್ ಅನ್ನುವ, ಅಮೆರಿಕದ ಅತಿ ಚಿಕ್ಕ ರಾಜ್ಯದ ರಾಜಧಾನಿ ಪ್ರಾವಿಡೆನ್ಸ್‌ಗೆ ಹೋದರು. ಅಲ್ಲಿ ಟ್ರಿನಿಟಿ ರೆಪರ್ಟರಿ ಕಂಪನಿ ಅಂತ ಒಂದು ನಾಟಕ ಮಂಡಳಿ ಇತ್ತು.

ಮೈಸೂರಿನ ರಂಗಾಯಣ ಬಲ್ಲವರಿಗೆ ರೆಪರ್ಟರಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕಲಾವಿದರು ಒಂದೇ ಕಡೆ ನೆಲೆಯಾಗಿರುತ್ತಾರೆ, ಸಂಬಳ ಬರುತ್ತದೆ, ಒಂದಾದ ಮೇಲೊಂದು ನಾಟಕ ಕಟ್ಟುತ್ತಾರೆ. ಈ ತಿಂಗಳು ರಾಜ ಆದವನು ಮುಂದಿನ ತಿಂಗಳು ಬಾಗಿಲು ಕಾಯುವವನು. ಟ್ರಿನಿಟಿಯನ್ನು 1960ರ ದಶಕದ ಶುರುವಿನಲ್ಲಿ ಪ್ರಾವಿಡೆನ್ಸ್‌ನ ಊರವರೇ ಸೇರಿ ಶುರು ಮಾಡಿದ್ದರು. 1966ರಿಂದ ಸರ್ಕಾರದ ಕಲಾ ನಿಧಿಯ ದುಡ್ಡಿನಲ್ಲಿ ಹೈಸ್ಕೂಲ್ ಮಕ್ಕಳನ್ನು ಬಸ್ಸಲ್ಲಿ ಕರೆತಂದು ನಾಟಕ ತೋರಿಸುವ ಯೋಜನೆಯೂ ಇತ್ತು. 1973ರಲ್ಲಿ ಮಂಡಳಿ ವಾಷಿಂಗ್ಟನ್ ರಸ್ತೆಯ ಒಂದು ಹಳೇ ಥಿಯೇಟರ್ ಕಟ್ಟಡಕ್ಕೆ ಬಂತು. 1917ರಲ್ಲಿ ಕಟ್ಟಿದ ಕಟ್ಟಡ ಅದು. 1981ರಲ್ಲಿ ಟ್ರಿನಿಟಿಗೆ ಪ್ರಾದೇಶಿಕ ರಂಗಸಂಸ್ಥೆಗೆ ಕೊಡುವ ಟೋನಿ ಪ್ರಶಸ್ತಿ ಬಂತು. ಅದೇ ವರ್ಷ ಮಂಡಳಿ ನಾಟಕ ತಗೊಂಡು ನಮ್ಮ ದೇಶಕ್ಕೂ ಬಂದಿತ್ತು.

ಸಮಸ್ಯೆ

ಸಮಸ್ಯೆಯನ್ನು ಬಿಡಿಸಿ ಹೇಳಿದರೆ ಇಷ್ಟು. ನಟನೆ ಬರುತ್ತದೆ, ಆದರೆ ಮುಖ ಹೀರೋನದಲ್ಲ. ಉದ್ದ ಮುಖ, ಬೇಗ ಹಿಂದೆ ಸರಿದ ಕೂದಲು, ಪಕ್ಕದ ಮನೆಯವರ ಹಾಗಿರುವ ಮೈಕಟ್ಟು. ಇರುವ ಊರಲ್ಲಿ ಸಿನಿಮಾ ಇಲ್ಲ. ನ್ಯೂಯಾರ್ಕ್‌ಗೆ ರೈಲಲ್ಲಿ ಮೂರು ಗಂಟೆಗೂ ಜಾಸ್ತಿ. ಲಾಸ್ ಏಂಜಲೀಸ್ ಅಂದರೆ ದೇಶದ ಆ ತುದಿ. ಮನೆಯಲ್ಲಿ ಇಬ್ಬರು ಮಕ್ಕಳು.

ಇಂಥ ನಟನಿಗೆ ಸಿನಿಮಾದಲ್ಲಿ ಸಾಮಾನ್ಯವಾಗಿ ಆಗುವುದು ಎರಡರಲ್ಲಿ ಒಂದು. ಒಂದೋ ಕರೆಯೇ ಬರುವುದಿಲ್ಲ. ಬಂದರೆ ಒಂದೇ ಅಚ್ಚಿಗೆ ಹಾಕಿಬಿಡುತ್ತಾರೆ. ಒಂದು ಸಲ ಪೊಲೀಸ್ ಆದರೆ ಮುಂದೆಲ್ಲ ಪೊಲೀಸೇ. ಒಂದು ಸಲ ಡಾಕ್ಟರ್ ಆದರೆ ಬಿಳಿ ಕೋಟು ಮೈಬಿಟ್ಟು ಹೋಗುವುದಿಲ್ಲ. ನಮ್ಮ ಕನ್ನಡ ಸಿನಿಮಾಗಳಲ್ಲೂ ಎಷ್ಟು ಜನ ಒಳ್ಳೇ ನಟರು ವರ್ಷಗಟ್ಟಲೆ ಅದೇ ಗೌಡ, ಅದೇ ಮಾವ ಆಗಿಯೇ ಉಳಿದುಬಿಟ್ಟರು ಅಂತ ನಿಮಗೂ ಗೊತ್ತು.

ದುಡ್ಡಿನ ಲೆಕ್ಕವೂ ಇದೆ. ಪೋಷಕ ನಟನಿಗೆ ಕೆಲಸ ಅಂದರೆ ದಿನಗಳ ಲೆಕ್ಕ. ಒಂದು ಸಿನಿಮಾದಲ್ಲಿ ಎರಡು ದಿನ, ಇನ್ನೊಂದರಲ್ಲಿ ಒಂದು ವಾರ, ನಡುವೆ ಖಾಲಿ. ಅಮೆರಿಕದಲ್ಲಿ ನಟರ ಸಂಘ 1960ರಲ್ಲಿ ಮುಷ್ಕರ ಮಾಡಿ, ಸಿನಿಮಾ ಟಿವಿಯಲ್ಲಿ ಬಂದಾಗ ನಟರಿಗೆ ಪಾಲು ಸಿಗಬೇಕು ಅಂತ ಗೆದ್ದುಕೊಂಡಿತು. ಸಣ್ಣ ಪಾತ್ರದವರ ಮನೆ ಖಾಲಿ ತಿಂಗಳಲ್ಲಿ ನಡೆಯುವುದು ಆ ಚೆಕ್ಕುಗಳಿಂದಲೇ. ಓಟಿಟಿ ಬಂದ ಮೇಲೆ ಆ ಪಾಲು ಕುಗ್ಗಿತು ಅನ್ನುವುದೂ 2023ರ 118 ದಿನದ ಮುಷ್ಕರಕ್ಕೆ ಒಂದು ಕಾರಣ. ಈ ಲೆಕ್ಕ ನೋಡಿದರೆ, ರೆಪರ್ಟರಿಯ ಚಿಕ್ಕ ಸಂಬಳ ಚಿಕ್ಕದಾಗಿ ಕಾಣುವುದಿಲ್ಲ.

ಅವರು ಮಾಡಿದ್ದು

ಊರು ಬಿಡಲಿಲ್ಲ. ಅದೇ ಅವರ ಮೊದಲ ತೀರ್ಮಾನ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದೂ ಅದೇ. 14 ವರ್ಷ ಟ್ರಿನಿಟಿಯ ನಟನಾಗಿ ದುಡಿದರು. ಇಪ್ಪತ್ಮೂರು ವಯಸ್ಸಿಗೆ ಹೋದವರು ಮೂವತ್ತೇಳರ ತನಕ ಅದೇ ರಂಗದ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ನಟರ ಬಗ್ಗೆ ಮಾತಾಡುವಾಗ 'ಎಂಥ ಪಾತ್ರಕ್ಕೂ ಹೊಂದಿಕೊಳ್ಳುತ್ತಾರೆ' ಅನ್ನುವುದನ್ನು ಹುಟ್ಟಿನಿಂದ ಬಂದ ಗುಣ ಅನ್ನುವ ಹಾಗೆ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದನ್ನು ಕಲಿಸಿದ್ದು ಪ್ರಾವಿಡೆನ್ಸ್‌ನ ಪ್ರೇಕ್ಷಕರು.

ಯೋಚಿಸಿ ನೋಡಿ. ದೊಡ್ಡ ನಗರದಲ್ಲಿ ಪ್ರತಿ ನಾಟಕಕ್ಕೂ ಬೇರೆ ಜನ ಬರುತ್ತಾರೆ. ಒಂದು ನಾಟಕದಲ್ಲಿ ಚೆನ್ನಾಗಿ ನಡೆದ ಅಳುವಿನ ದನಿಯನ್ನು ಇನ್ನೊಂದರಲ್ಲೂ ನಡೆಸಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕ ಊರಲ್ಲಿ ಹಾಗಾಗುವುದಿಲ್ಲ. ಅಲ್ಲಿ ಇಡೀ ವರ್ಷದ ಟಿಕೆಟ್ ಒಟ್ಟಿಗೇ ತಗೊಂಡ ಜನ ಇರುತ್ತಾರೆ. ಅದೇ ಹೆಂಗಸು, ಅದೇ ಮೂರನೇ ಸಾಲಿನ ಕುರ್ಚಿ. ಕಳೆದ ತಿಂಗಳು ನೀನು ಭುಜ ಕುಗ್ಗಿಸಿ ನಕ್ಕಿದ್ದು ಅವಳಿಗೆ ನೆನಪಿದೆ. ಈ ತಿಂಗಳೂ ಹಾಗೇ ನಕ್ಕರೆ ಅವಳಿಗೆ ಪಾತ್ರ ಕಾಣುವುದಿಲ್ಲ, ನೀನು ಕಾಣುತ್ತೀಯ. ವರ್ಷಕ್ಕೆ ಐದಾರು ಸಲ, 14 ವರ್ಷ, ಅದೇ ಕಣ್ಣುಗಳ ಎದುರಿಗೆ ಬೇರೆ ಮನುಷ್ಯನಾಗಿ ಬರಬೇಕು. ಕೈಯಲ್ಲಿದ್ದ ಆಟಗಳೆಲ್ಲ ಎರಡು ವರ್ಷಕ್ಕೆ ಮುಗಿದುಹೋಗುತ್ತವೆ. ಆಮೇಲೆ ಪಾತ್ರದ ಒಳಗೇ ಇಳಿಯಬೇಕು, ಬೇರೆ ದಾರಿ ಇಲ್ಲ.

ಇನ್ನು ಆ ಹೈಸ್ಕೂಲ್ ಮಕ್ಕಳು. ಅವರು ಟಿಕೆಟ್ ಕೊಂಡು ಬಂದವರಲ್ಲ, ಮೇಷ್ಟ್ರು ಕರೆತಂದವರು. ಬೇಜಾರಾದರೆ ಮುಚ್ಚಿಡುವುದಿಲ್ಲ. ಗಲಾಟೆ ಮಾಡುತ್ತಾರೆ, ಮಾತಾಡುತ್ತಾರೆ. ಶಾಲೆಯ ಮಕ್ಕಳ ಎದುರು ಒಂದು ಸಲ ನಾಟಕ ಆಡಿದವರಿಗೆ ಇದು ಗೊತ್ತಿರುತ್ತದೆ. ಸುಮ್ನೆ ದನಿ ಏರಿಸಿದರೆ ಆ ಮಕ್ಕಳು ಸುಮ್ಮನಾಗುವುದಿಲ್ಲ. ನೀನು ಹೇಳುತ್ತಿರುವುದು ನಿಜ ಅನ್ನಿಸಿದರೆ ಮಾತ್ರ ಕೇಳುತ್ತಾರೆ.

ಸಿನಿಮಾ ಬಂದಿದ್ದು ತಡವಾಗಿ. 1974ರಲ್ಲೇ ಒಂದು ಟಿವಿ ಚಿತ್ರದಲ್ಲಿ ಕಾಣಿಸಿಕೊಂಡಿದ್ದರೂ, ನಿಜವಾದ ಶುರು 1985ರಲ್ಲಿ, ಒಂದು ಕೌಬಾಯ್ ಚಿತ್ರದ ಸಣ್ಣ ಪಾತ್ರದಿಂದ. ಆಗ ಅವರಿಗೆ 38. ಮಾರನೇ ವರ್ಷ ಇನ್ನೊಂದು ಹೆಸರಾಂತ ಚಿತ್ರದಲ್ಲಿ ಡಾಕ್ಟರ್. 1987ರಲ್ಲಿ ಒಂದು ದೊಡ್ಡ ಚಿತ್ರದಲ್ಲಿ ಚಿಕ್ಕ ಊರಿನ ಪತ್ರಿಕೆಯ ಸಂಪಾದಕ. ಹೆಂಡತಿಗೆ ಮಾಟ ತಟ್ಟಿ ಬುದ್ಧಿ ಕೆಡುತ್ತಾ ಹೋಗುತ್ತದೆ, ಈತ ಪಕ್ಕದಲ್ಲಿ ಕೂತು ನೋಡುತ್ತಾ ನೋಡುತ್ತಾ ತಾನೂ ಮುರಿದುಹೋಗುತ್ತಾನೆ. ತಾರೆಯರು ತುಂಬಿದ ಆ ಚಿತ್ರದಲ್ಲಿ ಅವರ ಪಾಲಿಗೆ ಬಂದಿದ್ದು ಹೆಚ್ಚಾಗಿ ಕೇಳಿಸಿಕೊಳ್ಳುವ ಕೆಲಸ. ಅವರು ಕೇಳಿಸಿಕೊಳ್ಳುವ ರೀತಿಯನ್ನು ನೋಡಬೇಕು. ಎದುರಿನವರು ಮಾತಾಡುವಾಗ ಮುಂದಿನ ಡೈಲಾಗಿಗೆ ಕಾಯುತ್ತಿರುವವರ ಕಣ್ಣಲ್ಲ ಅದು.

ಸಿನಿಮಾ ಶುರುವಾದ ಮೇಲೂ ಮನೆ ಬದಲಾಗಲಿಲ್ಲ. ಕೆಲಸ ಬಂದಾಗ ಹೋಗುವುದು, ಮುಗಿದ ಮೇಲೆ ರೋಡ್ ಐಲೆಂಡ್‌ಗೆ ವಾಪಸ್.

1990

ಪ್ರಕರಣದ ನಡುಮಧ್ಯದ ತಿರುವು ಇದು. ಟ್ರಿನಿಟಿಯನ್ನು ಮೊದಲಿಂದ ನಡೆಸಿದ್ದ ನಿರ್ದೇಶಕರು 25 ವರ್ಷದ ಮೇಲೆ, 1989ರಲ್ಲಿ, ಬಿಟ್ಟುಹೋದರು. ಅವರ ಜಾಗಕ್ಕೆ ಹೊಸ ಪ್ರಯೋಗಗಳಿಗೆ ಹೆಸರಾದ ಒಬ್ಬ ನಿರ್ದೇಶಕಿ ಬಂದರು. ಒಂದೇ ಸೀಸನ್‌ಗೆ ಅವರೂ ಹೊರಟರು. ಮಂಡಳಿಯ ಹತ್ತಿರ ದುಡ್ಡಿಲ್ಲ, ಕೊರತೆ ಬೆಳೆಯುತ್ತಿತ್ತು. ಯಾರಾದರೂ ಒಳಗಿನವರೇ ಹೊಣೆ ಹೊರಬೇಕಿತ್ತು.

ನಮ್ಮ ನಟರಿಗೆ ಆಗ 43. ಸಿನಿಮಾ ಈಗಷ್ಟೇ ಕೈಹಿಡಿಯುತ್ತಿದೆ. ಪೋಷಕ ನಟನಿಗೆ ನಲವತ್ತು ದಾಟಿದ ಮೇಲಿನ ಹತ್ತು ವರ್ಷ ಬಲು ಮುಖ್ಯ, ಅಪ್ಪ, ಅಧಿಕಾರಿ, ಜಡ್ಜ್ ಪಾತ್ರಗಳೆಲ್ಲ ಬರುವುದು ಆಗಲೇ. ಅಂಥ ಹೊತ್ತಲ್ಲಿ ನಾಲ್ಕು ವರ್ಷ ಬೋರ್ಡ್ ಮೀಟಿಂಗು, ಬಜೆಟ್ಟು, ಚಂದಾ ಅಂತ ಕೂರುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ. ಅವರು ಒಪ್ಪಿಕೊಂಡರು. 1990ರಿಂದ 1994ರ ತನಕ ಟ್ರಿನಿಟಿಯ ಕಲಾ ನಿರ್ದೇಶಕರಾಗಿದ್ದರು, ಅಂದರೆ ಮಂಡಳಿಯನ್ನು ನಡೆಸುವ ಮುಖ್ಯಸ್ಥರು. ಬಾಗಿಲು ಮುಚ್ಚಲಿಲ್ಲ. ಮುಂದಿನವರ ಕೈಗೆ ಕೊಟ್ಟು ಹೊರಬಂದರು. ಆ ಮಂಡಳಿ ಇವತ್ತಿಗೂ ನಡೆಯುತ್ತಿದೆ.

ಇದನ್ನು ತ್ಯಾಗ ಅಂತ ಕರೆಯಬಹುದು, ನಾನು ಕರೆಯುವುದಿಲ್ಲ. ನಿರ್ದೇಶಕನ ಕುರ್ಚಿಯಲ್ಲಿ ಕೂತವನಿಗೆ ನಟ ಏನು ಅಂತ ಬೇರೆ ಥರ ಗೊತ್ತಾಗುತ್ತದೆ. ಬೇರೆಯವರ ಆಡಿಷನ್ ನೋಡುತ್ತಾನೆ. ಎದುರಿಗೆ ಬಂದವರು ಎಲ್ಲಿ ಮೆಚ್ಚಿಸೋಕೆ ಹೊರಟರು, ಎಲ್ಲಿ ಸುಮ್ನೆ ಇದ್ದರು ಅನ್ನುವುದು ಆ ಕಡೆ ಕೂತಾಗ ಕನ್ನಡಿಯಷ್ಟು ಚೊಕ್ಕವಾಗಿ ಕಾಣುತ್ತದೆ. 1994ರ ಮುಂಚಿನ ಅವರ ಸಿನಿಮಾ ಪಾತ್ರಗಳನ್ನೂ ಆಮೇಲಿನವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಇದೆ. ಮುಂಚೆ ಕೆಲಸ ಅಚ್ಚುಕಟ್ಟು. ಆಮೇಲೆ ಕೆಲಸವೇ ಕಾಣುವುದಿಲ್ಲ.

ಆಮೇಲೆ ಆಗಿದ್ದು

1996ರಲ್ಲಿ ಮೊದಲು ಹೇಳಿದ ಆ ಏಜೆಂಟ್ ಪಾತ್ರ ಬಂತು. ಐವತ್ತರ ಹತ್ತಿರ ಬಂದ, ನೋಡಿದರೆ ಬ್ಯಾಂಕ್ ಮ್ಯಾನೇಜರ್ ಅನ್ನಬಹುದಾದ ಮನುಷ್ಯನಿಂದ ಅಂಥ ನಗು ಯಾರೂ ನಿರೀಕ್ಷಿಸಿರಲಿಲ್ಲ. ಸ್ವತಂತ್ರ ಚಿತ್ರಗಳಿಗೆ ಕೊಡುವ ಸ್ಪಿರಿಟ್ ಪ್ರಶಸ್ತಿಗೆ ಹೆಸರು ಹೋಯಿತು. ಅವರು ಅಲ್ಲಿ ನಗಿಸೋಕೆ ಹೋಗುವುದಿಲ್ಲ. ಆ ಅಧಿಕಾರಿಗೆ ತನ್ನ ಪಾಡು ನಿಜವಾದ ಪಾಡು, ಅದಕ್ಕೇ ನಮಗೆ ನಗು. ಗಂಭೀರ ನಟ ಅಂತ ಒಂದು ಅಚ್ಚು ಸಿದ್ಧವಾಗುತ್ತಿದ್ದ ಹೊತ್ತಲ್ಲಿ ಅದು ಒಡೆದು ಹೋಯಿತು.

2001ರಲ್ಲಿ ಬಂದ ಟಿವಿ ಸರಣಿಯ ಪಾತ್ರ ಇನ್ನೂ ವಿಚಿತ್ರ. ಹೆಣ ಸಂಸ್ಕಾರದ ವ್ಯಾಪಾರ ಮಾಡುವ ಕುಟುಂಬ. ಯಜಮಾನ ಹೊಸ ಶವವಾಹನ ಓಡಿಸಿಕೊಂಡು ಬರುತ್ತಿರುತ್ತಾನೆ, ಸಿಗರೇಟು ಬಿಡುತ್ತೇನೆ ಅಂತ ಹೆಂಡತಿಗೆ ಫೋನಲ್ಲಿ ಹೇಳಿರುತ್ತಾನೆ. ಫೋನ್ ಇಟ್ಟು ಸಿಗರೇಟು ಹಚ್ಚುತ್ತಾನೆ. ಪಕ್ಕದಿಂದ ಬಸ್ ಬಂದು ಗುದ್ದುತ್ತದೆ. ಮೊದಲ ಕಂತಿನ ಮೊದಲ ಕೆಲವು ನಿಮಿಷದಲ್ಲೇ ಅವರ ಕಥೆ ಮುಗಿಯಿತು. ಸಾಮಾನ್ಯ ನಟನಿಗೆ ಇದು ಮೂರು ದಿನದ ಕೆಲಸ ಅನ್ನಿಸಬಹುದು. ಆದರೆ ಆ ಅಪ್ಪ ಐದು ಸೀಸನ್ ಉದ್ದಕ್ಕೂ ಆಗಾಗ ಮಕ್ಕಳ ಕಣ್ಣಿಗೆ ಕಾಣಿಸಿಕೊಳ್ಳುತ್ತಾನೆ. ಭೂತ ಅಲ್ಲ, ಮಕ್ಕಳ ಮನಸ್ಸು. ಒಬ್ಬ ಮಗನಿಗೆ ಕಾಣುವ ಅಪ್ಪ ಇನ್ನೊಬ್ಬ ಮಗನಿಗೆ ಕಾಣುವ ಅಪ್ಪನಲ್ಲ. ಒಂದೇ ಪಾತ್ರದೊಳಗೆ ಹಲವು ಪಾತ್ರ. ರೆಪರ್ಟರಿಯಲ್ಲಿ ಪಳಗಿದ ಮೈಗೆ ಇದು ಗೊತ್ತಿದ್ದ ಕೆಲಸವೇ.

2005ರಲ್ಲಿ ಬಂತು ಮಿನೆಸೋಟಾದ ಗಣಿಯ ಚಿತ್ರ. ಕಾರ್ಮಿಕ ಸಂಘದ ಸಭೆಯಲ್ಲಿ ಮಗಳು ಮಾತಾಡೋಕೆ ನಿಲ್ಲುತ್ತಾಳೆ, ಗಂಡಸರು ಕೂಗಿ ಅವಳ ಬಾಯಿ ಮುಚ್ಚಿಸುತ್ತಾರೆ. ಅಲ್ಲಿಯವರೆಗೆ ಮಗಳ ಕಡೆ ತಿರುಗಿಯೂ ನೋಡದ ಅಪ್ಪ ನಿಧಾನಕ್ಕೆ ಎದ್ದು ಬಂದು ಮೈಕ್ ಹಿಡಿಯುತ್ತಾನೆ. ಭಾಷಣದವನಲ್ಲ ಆತ. ಮಾತು ಹುಡುಕುತ್ತಾನೆ. ತನ್ನ ಜೊತೆಗಾರರ ಎದುರು ನಿಂತು ನಾಚಿಕೆ ಆಗುತ್ತಿದೆ ಅನ್ನುತ್ತಾನೆ. ನಾಚಿಕೆ ಈಗ ಮಗಳ ಬಗ್ಗೆ ಅಲ್ಲ. ಆ ಎರಡು ಮೂರು ನಿಮಿಷ ಚಿತ್ರ ಪೂರ್ತಿ ಅವರದು.

ಅರವತ್ತರಲ್ಲಿ ನಾಯಕ

ಒಬ್ಬ ಯುವ ನಿರ್ದೇಶಕ, ತಾನೂ ನಟ, ತನ್ನ ಎರಡನೇ ಚಿತ್ರದ ಮುಖ್ಯ ಪಾತ್ರವನ್ನು ಇವರನ್ನೇ ಮನಸ್ಸಲ್ಲಿಟ್ಟು ಬರೆದ. ಖರ್ಚು ಸುಮಾರು 40 ಲಕ್ಷ ಡಾಲರ್, ಅಮೆರಿಕದ ಲೆಕ್ಕಕ್ಕೆ ಸಣ್ಣ ಚಿತ್ರ. 2007ರ ಸೆಪ್ಟೆಂಬರ್‌ನಲ್ಲಿ ಟೊರಾಂಟೋ ಉತ್ಸವದಲ್ಲಿ ಮೊದಲು ತೋರಿಸಿದರು. ಅವರಿಗೆ ಆಗ 60.

ಪಾತ್ರ ಕನೆಕ್ಟಿಕಟ್‌ನ ಒಬ್ಬ ಅರ್ಥಶಾಸ್ತ್ರದ ಪ್ರೊಫೆಸರ್. ಹೆಂಡತಿ ತೀರಿಕೊಂಡಿದ್ದಾಳೆ. ಒಂದು ದೃಶ್ಯ ನೋಡಿ. ಮೇಜಿನ ಎದುರು ಕೂತಿದ್ದಾನೆ. ಎದುರಿಗೆ ಹಳೇ ಪಠ್ಯಕ್ರಮದ ಹಾಳೆ. ಅದರ ಮೇಲಿರುವ ಹಳೇ ವರ್ಷಕ್ಕೆ ಬಿಳಿ ಬಣ್ಣ ಹಚ್ಚುತ್ತಾನೆ. ಒಣಗಲಿ ಅಂತ ಊದುತ್ತಾನೆ. ಅದರ ಮೇಲೆ ಈ ವರ್ಷ ಬರೆಯುತ್ತಾನೆ. ಅಷ್ಟೇ. ಒಂದು ಮಾತಿಲ್ಲ, ಮುಖದಲ್ಲಿ ದುಃಖದ ಗುರುತಿಲ್ಲ. ಬೇರೆ ನಟನಾಗಿದ್ದರೆ ಅಲ್ಲೊಂದು ನಿಟ್ಟುಸಿರು ಹಾಕಿಬಿಡುತ್ತಿದ್ದ. ಇವರು ಹಾಕಲಿಲ್ಲ. ಬಣ್ಣ ಹಚ್ಚುವ ಕೈಯ ನಿಖರತೆಯಲ್ಲೇ ಗೊತ್ತಾಗುತ್ತದೆ, ಈ ಮನುಷ್ಯ ಇದನ್ನು ತುಂಬಾ ವರ್ಷದಿಂದ ಮಾಡುತ್ತಿದ್ದಾನೆ, ಬದುಕು ಎಲ್ಲೋ ನಿಂತುಬಿಟ್ಟಿದೆ.

ಪಿಯಾನೋ ಕಲಿಯೋಕೆ ಹೋಗಿ ಸೋಲುತ್ತಾನೆ. ನ್ಯೂಯಾರ್ಕ್‌ನ ತನ್ನ ಫ್ಲ್ಯಾಟಿಗೆ ಬಂದರೆ ಅಲ್ಲಿ ಸಿರಿಯಾದ ಒಬ್ಬ ಹುಡುಗ, ಸೆನೆಗಲ್‌ನ ಒಬ್ಬ ಹುಡುಗಿ. ಯಾರೋ ಮೋಸ ಮಾಡಿ ಅವರಿಗೆ ಆ ಮನೆ ಬಾಡಿಗೆ ಕೊಟ್ಟಿದ್ದಾರೆ. ಆ ಹುಡುಗ ಜೆಂಬೆ ಅನ್ನುವ ಆಫ್ರಿಕನ್ ಚರ್ಮವಾದ್ಯ ಬಾರಿಸುತ್ತಾನೆ. ಪ್ರೊಫೆಸರ್ ಅವನ ಎದುರು ಕೂತು ಕಲಿಯುತ್ತಾನೆ. ಮೊದಮೊದಲು ಕೈ ಮರದ ಹಲಗೆ. ನಿಧಾನಕ್ಕೆ ಭುಜ ಸಡಿಲವಾಗುತ್ತದೆ, ಆಮೇಲೆ ಕುತ್ತಿಗೆ. ಒಂದು ದಿನ ಆಫೀಸಲ್ಲಿ ಮೇಜಿನ ಮೇಲೆ ಬೆರಳು ತಾನಾಗೇ ತಾಳ ಹಾಕುತ್ತದೆ. ಮಾತಿಲ್ಲದೆ, ಬರೀ ಮೈಯಿಂದ, ಒಬ್ಬ ಮನುಷ್ಯ ಬದುಕಿಗೆ ವಾಪಸ್ ಬರುವುದನ್ನು ತೋರಿಸಿದರು.

ಹುಡುಗನನ್ನು ವಲಸೆ ಇಲಾಖೆ ಹಿಡಿದುಹಾಕುತ್ತದೆ. ಒಂದು ದಿನ ಹೇಳದೆ ಕೇಳದೆ ದೇಶದಿಂದ ಹೊರಗೆ ಕಳಿಸಿಬಿಡುತ್ತದೆ. ಕಿಟಕಿಯ ಹಿಂದಿನ ಕಾವಲುಗಾರನ ಎದುರು ಪ್ರೊಫೆಸರ್ ಸಿಡಿಯುತ್ತಾನೆ. ಇಡೀ ಚಿತ್ರದಲ್ಲಿ ಅವನು ದನಿ ಎತ್ತುವುದು ಅಂದರೆ ಅಲ್ಲೇ. ಅಲ್ಲಿಯವರೆಗೆ ಕೂಡಿಟ್ಟಿದ್ದು ಅಷ್ಟೂ ಆ ಒಂದು ಕೂಗಲ್ಲಿ ಹೊರಬರುತ್ತದೆ. ಕೊನೆಗೆ ನೆಲದಡಿಯ ರೈಲು ನಿಲ್ದಾಣದ ಬೆಂಚಿನ ಮೇಲೆ ಒಬ್ಬನೇ ಕೂತು ಜೆಂಬೆ ಬಾರಿಸುತ್ತಾನೆ. ರೈಲು ಹಾದುಹೋಗುತ್ತದೆ.

ಈ ಪಾತ್ರಕ್ಕೆ ಅತ್ಯುತ್ತಮ ನಟ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. 2009ರ ಫೆಬ್ರವರಿಯ ಸಮಾರಂಭ ಅದು. ಪ್ರಶಸ್ತಿ ಬೇರೆಯವರಿಗೆ ಹೋಯಿತು. ಆದರೆ 61ನೇ ವಯಸ್ಸಲ್ಲಿ ಜನ ಮೊದಲ ಸಲ ಅವರ ಹೆಸರು ಕೇಳಿಕೊಂಡರು.

ಹೆಸರು ಬಂದ ಮೇಲಿನ ತೀರ್ಮಾನ

ಇಲ್ಲಿ ಅವರು ಬೇರೆ ದಾರಿ ಹಿಡಿಯಬಹುದಿತ್ತು. ಇನ್ನು ಮುಖ್ಯ ಪಾತ್ರ ಬಿಟ್ಟು ಬೇರೆ ಮಾಡುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ವಾಪಸ್ ಪೋಷಕ ಪಾತ್ರಗಳಿಗೇ ಹೋದರು.

2009ರಲ್ಲಿ ಅಂಥದೇ ಒಂದು ಪಾತ್ರಕ್ಕೆ ನಮ್ಮ ದೇಶಕ್ಕೂ ಬಂದರು. ಹರಿಯಾಣದ ಪಟೌಡಿಯ ಒಂದು ಆಶ್ರಮದಲ್ಲಿ ಚಿತ್ರೀಕರಣ. ಟೆಕ್ಸಾಸ್‌ನಿಂದ ಬಂದ ಒರಟು ಮಾತಿನ ಮನುಷ್ಯ. ನಾಯಕಿಯನ್ನು ಮೊದಲು ಬರೀ ಛೇಡಿಸುತ್ತಿರುತ್ತಾನೆ. ಆಮೇಲೊಂದು ದಿನ ಮಹಡಿಯ ತಾರಸಿಯ ಮೇಲೆ ತನ್ನ ಕಥೆ ಹೇಳುತ್ತಾನೆ: ಕುಡಿದು ಕಾರು ಓಡಿಸಿಕೊಂಡು ಮನೆಗೆ ಬಂದಿದ್ದು, ಅಂಗಳದಲ್ಲಿದ್ದ ಸ್ವಂತ ಮಗನ ಮೇಲೆ ಹರಿಸುವುದು ಕೂದಲೆಳೆಯಲ್ಲಿ ತಪ್ಪಿದ್ದು. ದೀರ್ಘ ಮಾತು ಅದು. ಚಿತ್ರದ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಆ ತಾರಸಿಯ ದೃಶ್ಯವನ್ನು ಮಾತ್ರ ಮತ್ತೆ ಮತ್ತೆ ನೋಡಿದ್ದೇನೆ.

2014ರಲ್ಲಿ ಮೇನ್ ರಾಜ್ಯದ ಒಬ್ಬ ಔಷಧಿ ಅಂಗಡಿಯವನಾಗಿ, ಬಿರುಸು ಮಾತಿನ ಹೆಂಡತಿಯ ಮೆತ್ತನೆ ಗಂಡನಾಗಿ ಕಿರುಸರಣಿಯೊಂದರಲ್ಲಿ ನಟಿಸಿದರು. ಮಾರನೇ ವರ್ಷ ಆ ಸರಣಿಗೆ ಎಂಟು ಎಮ್ಮಿ ಬಂದವು. ಅದರಲ್ಲಿ ಒಂದು ಇವರದು. ವಯಸ್ಸು 68. 2017ರಲ್ಲಿ 1960ರ ದಶಕದ ಬಾಲ್ಟಿಮೋರ್‌ನ ಒಬ್ಬ ಜಾಹೀರಾತು ಚಿತ್ರಕಾರ. ಬೋಳು ತಲೆಗೆ ವಿಗ್. ತಾನು ಗಂಡಸರನ್ನು ಇಷ್ಟಪಡುವವನು ಅನ್ನುವುದನ್ನು ಎಲ್ಲಿಯೂ ಹೇಳಲಾಗದವನು. ಪೈ ಅನ್ನುವ ಸಿಹಿ ತಿನಿಸು ಮಾರುವ ಅಂಗಡಿಯ ಯುವಕನನ್ನು ನೋಡುವ ಆಸೆಗೆ, ತನಗೆ ರುಚಿಸದ ಪೈಗಳನ್ನು ಕೊಂಡು ತಂದು ಫ್ರಿಜ್ ತುಂಬ ಇಟ್ಟಿರುತ್ತಾನೆ. ಫ್ರಿಜ್ ಬಾಗಿಲು ತೆರೆದಾಗ ಒಂಟಿತನ ಎಷ್ಟಿದೆ ಅಂತ ಎಣಿಸಬಹುದು. ಎರಡನೇ ಆಸ್ಕರ್ ನಾಮನಿರ್ದೇಶನ, ಈ ಸಲ ಪೋಷಕ ನಟ ವಿಭಾಗದಲ್ಲಿ, 70ನೇ ವಯಸ್ಸಲ್ಲಿ. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು.

ನಾಟಕದ ಹುಡುಗರಿಗೆ ಹೇಳಬಹುದಾದದ್ದು

ಊರಲ್ಲೇ ಇರಲಾ, ಬೆಂಗಳೂರಿಗೆ ಹೋಗಲಾ ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಈ ಕಥೆ ಹೇಳುತ್ತೇನೆ. ಊರಲ್ಲೇ ಇರಿ ಅಂತ ಹೇಳೋಕಲ್ಲ. ಟ್ರಿನಿಟಿಯಲ್ಲಿ ಇವರ ಹಾಗೆಯೇ ದಶಕಗಟ್ಟಲೆ ದುಡಿದ, ಸಿನಿಮಾ ಕರೆಯದ ನಟ ನಟಿಯರಿದ್ದಾರೆ. ಅವರ ಕೆಲಸ ಕಡಿಮೆಯದಲ್ಲ. ನಿಂತವರಿಗೆಲ್ಲ ಅರವತ್ತಕ್ಕೆ ನಾಯಕನ ಪಾತ್ರ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆಯನ್ನೇ ಬದಲಾಯಿಸಿ ಅಂತ ಹೇಳುತ್ತೇನೆ. ಯಾವ ಊರು ಅನ್ನುವುದಕ್ಕಿಂತ, ನನ್ನನ್ನು ಪದೇ ಪದೇ ನೋಡುವ ಕಣ್ಣು ಎಲ್ಲಿವೆ ಅಂತ ಕೇಳಿಕೊಳ್ಳಿ. ಕಳೆದ ಸಲದ ಆಟ ನೆನಪಿಟ್ಟುಕೊಂಡು ಈ ಸಲ 'ಅದೇ ಆಯ್ತಲ್ಲ' ಅನ್ನುವವರು ಯಾರು? ಅವರು ಇರುವ ಕಡೆ ಹತ್ತು ವರ್ಷ ದುಡಿದರೆ ಮೈ ಬದಲಾಗುತ್ತದೆ. ಅವರು ಬೆಂಗಳೂರಿನಲ್ಲಿದ್ದರೆ ಬೆಂಗಳೂರು, ಹೆಗ್ಗೋಡಿನಲ್ಲಿದ್ದರೆ ಹೆಗ್ಗೋಡು.

ಇನ್ನೊಂದು ಮಾತು ಸಂಸ್ಥೆಗಳನ್ನು ನಡೆಸುವವರಿಗೆ. ಈ ನಟರನ್ನು ಬೆಳೆಸಿದ್ದು ಬರೀ ಅವರ ಹಟ ಅಲ್ಲ. ತಿಂಗಳು ತಿಂಗಳು ಬಂದ ಸಂಬಳ, ಸರ್ಕಾರ ಕಲೆಗೆ ಕೊಟ್ಟ ದುಡ್ಡು, ಬಸ್ಸಲ್ಲಿ ಬಂದ ಶಾಲಾ ಮಕ್ಕಳು, ಇಡೀ ವರ್ಷದ ಟಿಕೆಟ್ ಕೊಂಡ ಊರಿನ ಜನ, ಜೊತೆಗೇ ದುಡಿದ ಹೆಂಡತಿ. ಇವುಗಳಲ್ಲಿ ಒಂದೊಂದನ್ನೇ ತೆಗೆಯುತ್ತಾ ಹೋಗಿ. ಮೂರನೆಯದನ್ನು ತೆಗೆಯುವ ಹೊತ್ತಿಗೆ ಆ ಕುಟುಂಬ ಊರು ಬಿಟ್ಟಿರುತ್ತಿತ್ತು.

ಅವರು ಇನ್ನೂ ಆ ಊರಿನ ನಂಟು ಬಿಟ್ಟಿಲ್ಲ. 2014ರಲ್ಲಿ ಒಂದು ಸಲ, 2016ರಲ್ಲಿ ಇನ್ನೊಂದು ಸಲ, ಗಂಡ ಹೆಂಡತಿ ಇಬ್ಬರೂ ಸೇರಿ ಟ್ರಿನಿಟಿಗೆ ಹಾಡು ಕುಣಿತದ ನಾಟಕ ನಿರ್ದೇಶಿಸಿದರು. ವಾಷಿಂಗ್ಟನ್ ರಸ್ತೆಯ ಅದೇ ಹಳೇ ಕಟ್ಟಡ. ಒಂದು ಆಸ್ಕರ್ ನಾಮನಿರ್ದೇಶನವೂ ಒಂದು ಎಮ್ಮಿಯೂ ಆಗಿದ್ದ ಮನುಷ್ಯ, 69ನೇ ವಯಸ್ಸಲ್ಲಿ, ಆ ಮಂಡಳಿಯ ಹುಡುಗರ ಜೊತೆ ಮತ್ತೆ ತಾಲೀಮಿಗೆ ಕೂತಿದ್ದರು.